ಕಂಬದ ವಾಸನೆ

ಡಿಸೆಂಬರ್ 3

ಈ ನೋಟ್‌ಬುಕ್ ಉರ್ಗೆಂಚ್ ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ಕೊಟ್ಟದ್ದು. ಲೋಬಾರ್ ಎಂದು ಹೆಸರು. ನನ್ನ ಕೊಡತಿಗೆ ಅವಳಿಗಿಂತ ಹೆಚ್ಚು ವಯಸ್ಸಾಗಿದೆ. ಯಾವ ದಿನ ಮೂಗಿನಿಂದ ರಕ್ತ ಬಂತು, ಎಷ್ಟು ಬಂತು ಎಂದು ಬರೆದಿಡಬೇಕಂತೆ. ಅದನ್ನು ಹಿಂದಿನ ಪುಟದಿಂದ ಬರೆಯುತ್ತೇನೆ, ಅದು ಅವಳಿಗೆ. ಮುಂದಿನಿಂದ ಬರೆಯುವುದು ನನಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಐವತ್ತು ವರ್ಷದಲ್ಲಿ ಕಂಬಗಳ ಬುಡದಲ್ಲಿ ‘ಉಸ್ತಾ ಮತ್ಯಾಕುಬ್ ಕೆತ್ತಿದ’ ಎಂದು ಕೆತ್ತಿದ್ದೇ ನನ್ನ ಬರವಣಿಗೆ. ಉಸ್ತಾ ಎಂದರೆ ಕಸುಬಿನ ಗುರು. ಇಲ್ಲಿ ತಪ್ಪು ಬರೆದರೆ ಹಿಡಿಯುವವರು ಯಾರೂ ಇಲ್ಲ.

ಒಂದು ವರ್ಷದಿಂದ ಮೂಗಿನ ಬಲ ಹೊಳ್ಳೆ ಕಟ್ಟಿದೆ. ನಮ್ಮೂರು ಖೀವಾದಲ್ಲೇ ಒಬ್ಬ ಡಾಕ್ಟರು ಸೈನಸ್ ಎಂದು ಹನಿ ಕೊಟ್ಟಿದ್ದ. ಹೆಂಡತಿ ಅನಾಬಿಬಿ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ಎರಡರಿಂದಲೂ ಏನೂ ಆಗಲಿಲ್ಲ. ಹೋದ ವಾರ ಉಳಿ ಹಿಡಿದಿದ್ದಾಗ ಬಾಗಿಲ ಹಲಗೆಯ ಮೇಲೆ ರಕ್ತ ತೊಟ್ಟಿಕ್ಕಿ ಒಂದು ಹೂವು ಪೂರ್ತಿ ಹಾಳಾಯಿತು. ಅದಕ್ಕೇ ಹೋದದ್ದು, ಮೂಗಿಗಾಗಿ ಅಲ್ಲ.

ಅನಾಬಿಬಿಗೆ ಮಂಡಿನೋವು, ಬಸ್ಸು ಹತ್ತಲಾರಳು. ಮಗ ಸಪರ್ ಉಸ್ತ್‌ಯುರ್ತ್ ಬಯಲಿನಲ್ಲಿ ಗ್ಯಾಸ್ ಪೈಪು ಕಾಯುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಹಾಗಾಗಿ ಜೊತೆಗೆ ಬಂದವಳು ಸೊಸೆ ಆಯ್ಜೆಮಾಲ್. ಅವಳು ತುರ್ಕ್‌ಮೆನ್ ಹಳ್ಳಿಯವಳು. ಆ ಕಡೆಯ ಸೊಸೆಯಂದಿರು ಮಾವನೆದುರು ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಾಯಿ ಮುಚ್ಚಿರುತ್ತಾರೆ. ಮಾವ ಏನಾದರೂ ಉಡುಗೊರೆ ಕೊಟ್ಟು ‘ಮಾತಾಡು’ ಎನ್ನುವ ತನಕ ಅವನ ಜೊತೆ ಒಂದು ಮಾತಿಲ್ಲ. ಮದುವೆಯಾಗಿ ಮೂರು ವರ್ಷವಾಯಿತು. ನಾನು ಕೊಟ್ಟಿಲ್ಲ. ಮನೆಯಲ್ಲಿ ಮಾತಾಡುವ ಹೆಂಗಸು ಒಬ್ಬಳಿದ್ದಾಳೆ, ಸಾಕು.

ಡಾಕ್ಟರಮ್ಮ ಶುರು ಮಾಡಿದಳು.

“ಎರಡೂ ಕಡೆ ಕಟ್ಟುತ್ತಾ ಯಜಮಾನ್ರೆ?”

“ಬಲಗಡೆ.”

“ಯಾವಾಗ್ಲೂ ಬಲಗಡೆನೇ?”

“ಬಲಗಡೆ ಅಂದ್ನಲ್ಲಮ್ಮ. ಎಷ್ಟು ಸಲ ಹೇಳ್ಬೇಕು?”

“ಏನು ಕೆಲಸ ನಿಮ್ದು?”

“ಕಂಬ ಕೆತ್ತೋದು, ಬಾಗಿಲು ಕೆತ್ತೋದು. ಹದಿನಾಲ್ಕನೇ ವಯಸ್ಸಿಂದ.”

ಅವಳು ಪೆನ್ನು ಕೆಳಗಿಟ್ಟಳು. ಒಂದು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. “ಯಾವ ಮರ?”

“ಗುಜುಮ್. ಖೀವಾದಲ್ಲಿ ಇನ್ಯಾವ ಮರದಲ್ಲಿ ಕಂಬ ಮಾಡ್ತಾರೆ?”

“ಕೆತ್ತುವಾಗ ಪುಡಿ ಬರುತ್ತಲ್ಲ, ಏನ್ಮಾಡ್ತೀರಾ?”

“ಊದ್ತೀನಿ.”

“ತೋರ್ಸಿ.”

ಮೇಜಿನ ಮೇಲೆ ಬಗ್ಗಿ, ಗೆರೆಯಲ್ಲಿ ಪುಡಿ ಇದೆ ಎಂದುಕೊಂಡು ಊದಿದೆ. ಅವಳ ಕಾಗದಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಸೊಸೆ ಓಡಿಹೋಗಿ ಆರಿಸಿದಳು.

“ಊದಿದ್ಮೇಲೆ?”

“ಊದಿದ್ಮೇಲೆ ಉಸಿರು ತಗೋತೀನಿ, ಮತ್ತೆ ಊದ್ತೀನಿ. ಉಸಿರು ತಗೊಳ್ದೆ ಊದೋದು ನಿಮ್ಮ ಕಾಲೇಜಲ್ಲಿ ಕಲಿಸ್ತಾರಾ?”

ಅವಳು ನಗಲಿಲ್ಲ. ತುದಿಯಲ್ಲಿ ದೀಪವಿರುವ ಸಣ್ಣ ಕೊಳವೆಯನ್ನು ಮೂಗಿನೊಳಕ್ಕೆ ಬಿಟ್ಟಳು. ಗೋಡೆಯ ಟಿ.ವಿ.ಯಲ್ಲಿ ನನ್ನದೇ ಮೂಗಿನ ಒಳಗು ಕಂಡಿತು. ಮೇಲ್ಗಡೆ, ಎರಡು ಕಣ್ಣುಗಳ ನಡುವಿನ ಜಾಗದಿಂದ ಕೆಂಪು ಬೂದು ಬಣ್ಣದ ಮುದ್ದೆಯೊಂದು ಜೋತುಬಿದ್ದಿತ್ತು. ಮುಟ್ಟಿದರೆ ರಕ್ತ.

“ಇದು ಬರೀ ಪಾಲಿಪ್, ಸಾದಾ ಗಡ್ಡೆ ಇರ್ಬಹುದು. ಆದ್ರೆ ಒಂದೇ ಕಡೆ ಇದೆ, ರಕ್ತ ಬರುತ್ತೆ, ನೀವು ಮರದ ಕೆಲಸದೋರು. ಸ್ಕ್ಯಾನ್ ಮಾಡಿಸ್ದೆ ನಾನು ಬಿಡಲ್ಲ. ವಾಸನೆ ಗೊತ್ತಾಗುತ್ತಾ?”

“ಈ ಸೀಮೇಲಿ ನನ್ನಂಥ ಮೂಗು ಯಾರಿಗಿದೆ? ಮರ ಮೂಸಿ ಎಷ್ಟು ವರ್ಷ ಒಣಗಿದೆ ಅಂತ ಹೇಳ್ತೀನಿ.”

ಸೊಸೆ ನೆಲ ನೋಡುತ್ತಿದ್ದಳು.

ಡಿಸೆಂಬರ್ 4

ಮಧ್ಯಾಹ್ನ ಸಬ್ಬಸಿಗೆ ಶಾವಿಗೆ ಮಾಡಿದ್ದರು. ಶಾವಿಗೆ ಹಸಿರಾಗಿತ್ತು, ಸಬ್ಬಸಿಗೆ ಇರಲಿಲ್ಲ. ಬಣ್ಣ ಕಲಸಿ ಬಡಿಸುತ್ತೀರಾ ಎಂದು ಕೂಗಾಡಿದೆ. ಸೊಸೆ ಎದ್ದು ಹೋದಳು. “ನಿಮ್ಮ ನಾಲಿಗೆಗೇನಾಗಿದೆ, ಸಪರನ ಅಪ್ಪಾ? ಘಮಘಮ ಅಂತಿದೆ” ಎಂದಳು ಅನಾಬಿಬಿ. ಇವಳು ಯಾವತ್ತೂ ಸೊಸೆಯ ಪರ.

ಡಿಸೆಂಬರ್ 6

ಸ್ಕ್ಯಾನ್ ಆಯಿತು. ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿದರು. ಹೊರಗೆ ಬರುವಾಗ ಸೊಸೆ ಈ ನೋಟ್‌ಬುಕ್ಕನ್ನು ಡಾಕ್ಟರಮ್ಮನ ಕೈಯಿಂದ ವಾಪಸ್ಸು ತೆಗೆದುಕೊಳ್ಳುತ್ತಿದ್ದಳು. ಮನೆಗೆ ಬಂದು ಹಿಂದಿನ ಪುಟ ತೆರೆದರೆ ನನ್ನ ಬರಹದ ಕೆಳಗೆ ದುಂಡಗಿನ ಅಕ್ಷರ:

‘ಡಾಕ್ಟರಮ್ಮ, ಮಾವನವರ ಬಲ ಮೂಗಿನಿಂದ ಕಳೆದ ಜನವರಿಯಿಂದ ಕೆಟ್ಟ ವಾಸನೆ. ದಿಂಬಿನ ಬಟ್ಟೆ ಒಗೆಯುವವಳು ನಾನು. ಅವರಿಗೆ ಅಡುಗೆ ಸೀದರೂ ಗೊತ್ತಾಗುವುದಿಲ್ಲ, ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ. ನಾನು ಹೇಳಿದ್ದೆಂದು ಹೇಳಬೇಡಿ.’

ಹರಿದು ಒಲೆಗೆ ಹಾಕುತ್ತಿದ್ದೆ. ಅದೇ ಹಾಳೆಯಲ್ಲಿ ರಕ್ತದ ವಿವರವಿದೆ, ಅದಕ್ಕೇ ಬಿಟ್ಟೆ.

ಜನವರಿಯಂತೆ! ಜನವರಿಯಲ್ಲೇ ನಾನು ಬೆಕ್ಚಾನನನ್ನು ಹೊರಗೆ ಹಾಕಿದ್ದು. ಇಪ್ಪತ್ತನೇ ವಯಸ್ಸಿಗೆ ಬಂದವನು, ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಕೂತು ಕೆತ್ತಿದವನು. ನಮ್ಮ ಬೀದಿಯ ಚಾಯ್‌ಖಾನೆಯ ಜಗುಲಿಗೆ ಹೊಸ ಕಂಬ ಬೇಕಾಗಿತ್ತು. ನಮ್ಮ ಪದ್ಧತಿಯಲ್ಲಿ ಗುಜುಮ್ ದಿಮ್ಮಿಯನ್ನು ಮೊದಲು ಕೊಳದಲ್ಲಿ ನೆನೆಹಾಕಿ, ಆಮೇಲೆ ವರ್ಷಗಟ್ಟಲೆ ನೆರಳಲ್ಲಿ ಒಣಗಿಸುತ್ತೇವೆ. ಒಣಗಿತೋ ಇಲ್ಲವೋ ಎಂದು ನೋಡಲು ಬುಡಕ್ಕೆ ಬೈರಿಗೆ ಹಾಕಿ, ಒಳಗಿನ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮೂಸುತ್ತೇವೆ. ಕೊಳದ ಹುಳಿ ವಾಸನೆ ಪೂರ್ತಿ ಹೋಗಿರಬೇಕು. ತೇವ ಅಳೆಯುವ ಯಂತ್ರ ಇದೆಯಂತೆ. ನಾನು ಮುಟ್ಟಿಲ್ಲ.

ಆವತ್ತು ನಾನು ಮೂಸಿ ಸರಿ ಎಂದೆ. ಬೆಕ್ಚಾನ್ ಮೂಸಿ, “ಹುಳಿ ಇನ್ನೂ ಇದೆ ಉಸ್ತಾ. ಇನ್ನೆರಡು ಚಳಿಗಾಲ ಬಿಡೋಣ” ಎಂದ.

“ನಂಗೇ ಮೂಸೋದು ಕಲಿಸ್ತೀಯೇನೋ?”

“ಕಲಿಸಿದ್ದು ನೀವೇ. ಅದಕ್ಕೇ ಹೇಳ್ತಿದೀನಿ.”

ಅವನ ಉಳಿಚೀಲವನ್ನು ಬೀದಿಗೆ ಎಸೆದೆ. ಏಪ್ರಿಲ್‌ನಲ್ಲಿ ಕಂಬ ನಿಲ್ಲಿಸಿದೆ, ಬುಡದಲ್ಲಿ ಹೆಸರೂ ಕೆತ್ತಿದೆ. ನಿಂತಿದೆ, ಚೆನ್ನಾಗಿದೆ. ಸೊಸೆ ಬರೆದ ಜನವರಿಗೂ ಇದಕ್ಕೂ ಏನು ಸಂಬಂಧ? ಏನೂ ಇಲ್ಲ.

ಡಿಸೆಂಬರ್ 10

ಮೂಗಿನಿಂದ ಒಂದು ಚೂರು ತೆಗೆದಳು. ಮೇಲುಮೇಲಿನದು ಬೇಡ, ಒಳಗಿನದು ಬೇಕು ಎಂದು ಆಳಕ್ಕೆ ಹೋದಳು. ಬೈರಿಗೆ ಹಾಕುವುದೂ ಹಾಗೆಯೇ. ಹುಡುಗಿಗೆ ಕೈ ಇದೆ. ರಕ್ತ ಒಂದು ಚಹಾ ಬಟ್ಟಲು.

ಡಿಸೆಂಬರ್ 20

ಫಲಿತಾಂಶ ಬಂದಿದೆ ಎಂದು ಫೋನ್ ಬಂತು. ಹೋದೆವು. ಲೋಬಾರ್ ನನ್ನ ಮುಖ ನೋಡಲಿಲ್ಲ.

“ಮಗನ್ನ ಕರೀರಿ ಉಸ್ತಾ.”

“ಮಗ ಬಯಲಲ್ಲಿದಾನೆ. ಮೂಗು ನಂದು, ನಂಗೆ ಹೇಳು.”

“ಮೊದ್ಲು ಮನೆಯವರಿಗೆ ಹೇಳೋದು ನಮ್ಮ ರೂಢಿ.”

“ಇಲ್ಲಿರೋ ಮನೆಯವ್ರು ಇವಳೊಬ್ಳೇ.”

ಸೊಸೆಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ನಾನು ಕುರಿತೊಗಲ ಟೊಪ್ಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತು ಆ ಬಾಗಿಲನ್ನೇ ನೋಡಿದೆ. ಕೆಟ್ಟ ಕೆಲಸ. ಹಲಗೆ ಹಸಿಯಿದ್ದಾಗಲೇ ಜೋಡಿಸಿದ್ದಾರೆ, ಕೀಲೆಲ್ಲ ಬಿಟ್ಟಿದೆ.

ಆಯ್ಜೆಮಾಲ್ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ಹಲ್ಲಿನಲ್ಲಿ ಕಚ್ಚಿದ ವಸ್ತ್ರದ ತುದಿ ಒದ್ದೆಯಾಗಿತ್ತು.

“ಏನಂತೆ?”

ತಲೆಯಾಡಿಸಿದಳು. ಮತ್ತೆ ಕೇಳಿದೆ. ಮತ್ತೆ ತಲೆಯಾಡಿಸಿದಳು. ನನ್ನ ರೋಗ ಏನೆಂದು ಗೊತ್ತಿರುವವಳು ಮನೆಯಲ್ಲಿ ಇವಳೊಬ್ಬಳೇ. ಇವಳ ಬಾಯಿಗೆ ಬೀಗ ಹಾಕಿ ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುವವನು ನಾನು.

ಆಸ್ಪತ್ರೆಯ ಗೇಟಿನ ಎದುರು ಒಬ್ಬ ಹೆಂಗಸು ಚಾಪೆ ಹಾಸಿ ತಲೆವಸ್ತ್ರ ಮಾರುತ್ತಿದ್ದಳು. ಪದ್ಧತಿಯಂತೆ ಸೊಸೆಯ ಬಾಯಿ ಬಿಡಿಸುವ ಉಡುಗೊರೆಗೆ ಕುರಿ ಕೊಡಬೇಕು, ನೆಂಟ ಹೆಂಗಸರನ್ನು ಕರೆದು ಊಟ ಹಾಕಬೇಕು. ಆಸ್ಪತ್ರೆಯ ಗೇಟಿನಲ್ಲಿ ಕುರಿ ಎಲ್ಲಿಂದ ತರಲಿ? ಕೆಂಪು ಹೂವಿನದೊಂದನ್ನು ಎಳೆದುಕೊಂಡು ಅವಳ ತಲೆಗೆ ಹಾಕಿದೆ.

“ತಗೋ. ಇವತ್ತಿಂದ ನನ್ ಜೊತೆ ಮಾತಾಡ್ಬಹುದು. ಈಗ ಹೇಳು.”

ಅವಳು ಹಲ್ಲಿನಿಂದ ತುದಿ ಬಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಪೂರ್ತಿ ಮುಖ ನೋಡಿದೆ. ಮುಂದಿನ ಒಂದು ಹಲ್ಲು ಸ್ವಲ್ಪ ಸೊಟ್ಟ.

“ಕ್ಯಾನ್ಸರ್, ಆತಾ.”

ಆತಾ ಎಂದರೆ ನಮ್ಮಲ್ಲಿ ಅಪ್ಪ. ವಸ್ತ್ರ ಮಾರುವವಳು “ಅಯ್ಯೋ ದೇವ್ರೇ” ಎಂದು ಕೆನ್ನೆಗೆ ಕೈ ಹಚ್ಚಿಕೊಂಡಳು. ಅವಳಿಗೆ ನಿನ್ನ ವ್ಯಾಪಾರ ನೋಡಿಕೋ ಎಂದೆ.

“ಇನ್ನೇನಂದ್ಳು?”

“ಬಹಳ ಅಪರೂಪದ್ದಂತೆ. ಗಟ್ಟಿ ಮರದ ಪುಡೀಲಿ ವರ್ಷಾನುಗಟ್ಲೆ ಕೂತೋರಿಗೆ ಬರುತ್ತಂತೆ. ಬೇರೆ ಕಡೆ ಹೋಗಿರೋ ಗುರುತಿಲ್ಲ. ತಾಶ್ಕೆಂಟಲ್ಲಿ ತೆಗೀತಾರಂತೆ, ಆಮೇಲೆ ಕಿರಣ ಬಿಡ್ತಾರಂತೆ.”

“ಉಳೀತೀನಂತಾ?”

“ಬೇಗ ಹೋದ್ರೆ ಉಳಿಯೋರೇ ಜಾಸ್ತಿ ಅಂದ್ರು. ಬೇಕಾದ್ರೆ ನಿಮ್ಗೆ ಪಾಲಿಪ್ ಅಂತ ಸುಳ್ಳು ಹೇಳು ಅಂದ್ರು.”

“ಮತ್ಯಾಕೆ ಹೇಳ್ಲಿಲ್ಲ?”

“ಮೊದಲ್ನೇ ಮಾತೇ ಸುಳ್ಳಾಗೋದು ಬೇಡ ಅಂತ.”

ಬಸ್ಸು ಖೀವಾದ ಅರ್ಧ ದಾರಿಗೆ ಬಂದಿತ್ತು. ಆಗ ಅವಳೇ ಎಂದಳು:

“ಆತಾ, ಆವತ್ತು ಶಾವಿಗೆಗೆ ಸಬ್ಬಸಿಗೆ ಹಾಕಿದ್ದೆ. ಎರಡು ಕಟ್ಟು.”

ಡಿಸೆಂಬರ್ 21

ಅನಾಬಿಬಿ ಅತ್ತಳು, ಆಮೇಲೆ ಬೈದಳು. ಕ್ಯಾನ್ಸರಿಗೆ ಅತ್ತದ್ದು, ಬೈದದ್ದು ತಲೆವಸ್ತ್ರಕ್ಕೆ. “ಕುರಿ ಇಲ್ಲ, ನೆಂಟರಿಲ್ಲ, ಭಿಕ್ಷುಕಿಗೆ ಕೊಟ್ಟ ಹಾಗೆ ಗೇಟಲ್ಲಿ ಕೊಟ್ರಾ? ಅವಳ ತಾಯಿಗೆ ನಾನೇನು ಹೇಳ್ಲಿ?”

ಸೊಸೆಯ ಬಾಯಿ ತೆರೆದದ್ದು ತೆರೆದೇ ಇದೆ. ಆತಾ ಟೊಪ್ಪಿ ಹಾಕಿ, ಆತಾ ಚಹಾ ಆರಿತು, ಆತಾ ಬಾಗಿಲು ಹಾಕಿ. ಸಂಜೆಗೆ ಹೀಗೂ ಅಂದಳು: “ಬೆಕ್ಚಾನಣ್ಣ ಹೇಳಿದ್ದು ನಿಜ ಆತಾ. ಆ ದಿಮ್ಮಿ ನಾರ್ತಿತ್ತು. ಚಕ್ಕೆ ಗುಡಿಸ್ತಿದ್ದೋಳು ನಾನೇ ಅಲ್ವಾ.”

ಎದ್ದು ಹೊರಗೆ ಹೋದೆ.

ಜನವರಿ 12, ತಾಶ್ಕೆಂಟ್

ಸಪರ್ ರಜೆ ಹಾಕಿ ಬಂದ. ಅನಾಬಿಬಿಯ ತಮ್ಮನ ಖಾಲಿ ಮನೆಯಲ್ಲಿ ಇಳಿದಿದ್ದೇವೆ, ಅಡುಗೆಗೆಂದು ಸೊಸೆಯೂ ಬಂದಿದ್ದಾಳೆ.

ಕತ್ತರಿಸುವ ಡಾಕ್ಟರ ಹೆಸರು ಹಿಕ್ಮತ್. ಕೈಬೆರಳು ಉದ್ದ, ಉಗುರು ಸಾಪು. ಮೊದಲು ಕೈ ನೋಡಿದೆ, ಆಮೇಲೆ ಮುಖ.

“ಮುಖ ಕೊಯ್ಯಲ್ಲ ಉಸ್ತಾ. ಹೊಳ್ಳೆಯಿಂದಾನೇ ಒಳಗೆ ಹೋಗ್ತೀನಿ.”

“ನಿನ್ನ ಉಳಿಗಳನ್ನ ತೋರ್ಸು.”

“ಆತಾ!” ಎಂದು ಸಪರ್ ತಲೆ ಚಚ್ಚಿಕೊಂಡ. ಹಿಕ್ಮತ್ ನಕ್ಕು ಒಂದು ತಟ್ಟೆ ತರಿಸಿದ. ತೆಳ್ಳಗೆ ಉದ್ದುದ್ದ, ತುದಿಯಲ್ಲಿ ಒಂದೊಂದು ಒಂದೊಂದು ಕಡೆಗೆ ಬಾಗಿದವು. ಹೆಬ್ಬೆರಳ ಉಗುರಿನ ಮೇಲೆ ಒಂದನ್ನು ಎಳೆದು ನೋಡಿದೆ.

“ಇದು ಮೊಂಡು.”

“ಅದು ರಕ್ತ ಹೀರೋ ಕೊಳವೆ ಉಸ್ತಾ.”

“ಹೀರೋದಾದ್ರೆ ಸರಿ. ಕೆಟ್ಟದ್ದು ಎಲ್ಲಿ ಮುಗೀತು ಅಂತ ಹೇಗೆ ಗೊತ್ತಾಗುತ್ತೆ ನಿಂಗೆ?”

“ಸುತ್ತಲ ಅಂಚಿಂದ ಚೂರು ತೆಗೆದು ಅಲ್ಲೇ ಪರೀಕ್ಷೆಗೆ ಕಳಿಸ್ತೀನಿ. ಕೆಟ್ಟಿದೆ ಅಂದ್ರೆ ಇನ್ನಷ್ಟು ತೆಗೀತೀನಿ. ಶುದ್ಧ ಅನ್ನೋವರೆಗೂ ಬಿಡಲ್ಲ.”

ಇವನಿಗೆ ಕೆಲಸ ಗೊತ್ತು. ಇವನ ಕೈಗೆ ತಲೆ ಕೊಡಬಹುದು ಎಂದುಕೊಂಡೆ. ಅಷ್ಟರಲ್ಲಿ ಅವನು ಇನ್ನೊಂದು ಮಾತು ತೆಗೆದ.

“ಮೂಗಿನ ಮಾಡು ಅಂದ್ರೆ ಕಾಗದದಷ್ಟು ತೆಳು ಎಲುಬು. ಅದರ ಮೇಲೆ ಮೆದುಳು. ಆ ಮಾಡನ್ನೂ ತೆಗೆದು, ತೊಡೆಯಿಂದ ಒಂದು ಪೊರೆ ತಂದು ಮುಚ್ಬೇಕು. ವಾಸನೆಯ ನರ ಇರೋದು ಅಲ್ಲೇ. ಎರಡೂ ಕಡೆಯದು ಹೋಗುತ್ತೆ. ಮತ್ತೆ ವಾಪಸ್ ಬರಲ್ಲ.”

“ಎಡಗಡೇದು ಬಿಡು.”

“ಬಿಟ್ರೆ ಅಂಚಲ್ಲಿ ಕೆಟ್ಟದ್ದು ಉಳಿದಿರಬಹುದು.”

“ನನ್ನ ಕಸುಬು ಇರೋದೇ ಮೂಗಲ್ಲಿ ಕಣಯ್ಯ. ಮೂಗಿಲ್ದಿದ್ರೆ ನಾನು ಬರೀ ಬಡಗಿ.”

“ಯೋಚ್ನೆ ಮಾಡಿ. ನಾಳಿದ್ದು ಹೇಳಿ. ಬಹಳ ದಿನ ಮಾತ್ರ ಬೇಡ.”

ಜನವರಿ 13

ಎಡ ಮೂಗು ಚೆನ್ನಾಗಿಯೇ ಇದೆ. ಗಾಳಿ ಸಲೀಸಾಗಿ ಆಡುತ್ತದೆ. ಒಳ್ಳೆಯದನ್ನು ಯಾಕೆ ಕತ್ತರಿಸಬೇಕು? ಸಹಿ ಹಾಕುವುದಿಲ್ಲ ಎಂದೆ. ಸಪರ್ ಊಟ ಮಾಡಲಿಲ್ಲ.

ಜನವರಿ 14

ಸೊಸೆ ಹೇಳಿದಳು, “ಪರೀಕ್ಷೆ ಮಾಡೋಣ ಆತಾ. ಎಡ ಮೂಗಿಗೆ ವಾಸನೆ ಬಂದ್ರೆ ನಾನೇ ಡಾಕ್ಟರ ಹತ್ರ ಜಗಳ ಆಡ್ತೀನಿ.”

ಸರಿ ಎಂದೆ. ನನಗೇನು ಭಯ? ಬಲ ಹೊಳ್ಳೆಗೆ ಹತ್ತಿ ಇಟ್ಟಳು. ನಾನು ಕೊಟ್ಟ ಅದೇ ಕೆಂಪು ಹೂವಿನ ವಸ್ತ್ರವನ್ನು ಕಣ್ಣಿಗೆ ಕಟ್ಟಿದಳು. ಮೂಗಿನ ಹತ್ತಿರ ಒಂದೊಂದೇ ಹಿಡಿದಳು.

“ಇದು?”

“ಈರುಳ್ಳಿ.”

ಸಪರ್ ನಕ್ಕ. “ಪುದೀನ ಆತಾ!”

“ಇದು?”

“ಚಹಾಪುಡಿ.”

ಈ ಸಲ ಯಾರೂ ನಗಲಿಲ್ಲ. ಅದು ಸೀಮೆಎಣ್ಣೆಯಂತೆ.

“ಇದು?”

“ಸುಮ್ನೆ ಖಾಲಿ ಕೈ ಹಿಡಿದು ಮೋಸ ಮಾಡ್ಬೇಡ.”

“ಖಾಲಿ ಅಲ್ಲ ಆತಾ. ಚಾಯ್‌ಖಾನೆ ಕಂಬದ್ದು.”

ಕೆತ್ತಿದ ಪ್ರತಿ ಕಂಬದಿಂದ ಬೈರಿಗೆಯ ಪುಡಿ ಒಂದು ಚಿಟಿಕೆ ತೆಗೆದು ಸಣ್ಣ ಚೀಲದಲ್ಲಿ ಕಟ್ಟಿಡುವುದು ನನ್ನ ರೂಢಿ. ಆ ಚೀಲಗಳ ಸರವನ್ನು ತಾಶ್ಕೆಂಟಿಗೂ ತಂದಿದ್ದೆ. ಅದರಿಂದ ತೆಗೆದು, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹಿಡಿದಿದ್ದಾಳೆ. ಸರಿಯಾಗಿಯೇ ಉಜ್ಜಿದ್ದಳು. ಯಾರು ಕಲಿಸಿದರೋ. ನೋಡಿ ಕಲಿತಿರಬೇಕು.

“ನಿಂಗೇನು ವಾಸನೆ ಬರ್ತಿದೆ?” ಕೇಳಿದೆ.

“ಇವತ್ತಿಗೂ ಹುಳಿ.”

ವಸ್ತ್ರ ಬಿಚ್ಚಲು ಸ್ವಲ್ಪ ಹೊತ್ತು ಬಿಡಲಿಲ್ಲ ನಾನು. ಹೊರಗೆ ಬೆಳಕು ಜಾಸ್ತಿ ಎಂದೆ.

ಮಧ್ಯಾಹ್ನ ಹೋಗಿ ಸಹಿ ಹಾಕಿದೆ. ಇಲ್ಲದ್ದನ್ನು ಕತ್ತರಿಸುವುದಕ್ಕೆ ಇಷ್ಟೊಂದು ಕಾಗದ ಯಾಕೋ.

ಜನವರಿ 16

ಇವತ್ತು. ಏನೂ ತಿನ್ನಬಾರದಂತೆ. ಹಿಕ್ಮತ್‌ಗೆ ಹೇಳಿದ್ದೇನೆ, ಆತುರ ಬೇಡ, ಅಂಚು ನೋಡಿಕೋ.

ಜನವರಿ 23

ಐದು ಗಂಟೆ ಹಿಡಿಯಿತಂತೆ. ಎರಡು ಸಲ ಅಂಚು ಕೆಟ್ಟಿದೆ ಎಂದು ಬಂತು, ಎರಡು ಸಲವೂ ಇನ್ನಷ್ಟು ತೆಗೆದ. ಮೂರನೇ ಸಲ ಶುದ್ಧ. ಮೂಗಿಗೆ ಬತ್ತಿ ತುರುಕಿದ್ದಾರೆ. ಸೀನಬಾರದು, ಬಗ್ಗಬಾರದು, ತಿಣುಕಿ ಭಾರ ಎತ್ತಬಾರದು. ಮೂಗಿನಿಂದ ನೀರಿನಂಥದ್ದು ಸೋರಿದರೆ ತಕ್ಷಣ ಹೇಳಬೇಕು, ಅದು ಮೆದುಳಿನ ಸುತ್ತಲಿನ ನೀರಂತೆ. ಸೋರಿಲ್ಲ. ಮೂಗಿಗಿಂತ ತೊಡೆ ಹೆಚ್ಚು ನೋಯುತ್ತದೆ.

ಫೆಬ್ರವರಿ 27

ಕಿರಣದ ಚಿಕಿತ್ಸೆ ಶುರು. ವಾರಕ್ಕೆ ಐದು ದಿನ, ಒಟ್ಟು ಮೂವತ್ತು. ಬಿಸಿನೀರಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖಕ್ಕೆ ಒತ್ತಿ ನನ್ನದೇ ಮುಖದ ಅಚ್ಚು ತೆಗೆದಿದ್ದಾರೆ. ಅದನ್ನು ಹಾಕಿ ಹಲಗೆಗೆ ಬಿಗಿದು ಅಲುಗದಂತೆ ಮಲಗಿಸುತ್ತಾರೆ. ದಿಮ್ಮಿಯನ್ನು ಕುದುರೆ ಎನ್ನುವ ಕೆತ್ತುಮಣೆಗೆ ಬಿಗಿದು ಕೆತ್ತುತ್ತೇನಲ್ಲ, ಹಾಗೆ. ಐವತ್ತು ವರ್ಷ ಬಿಗಿದವನು ನಾನು, ಈಗ ಬಿಗಿಸಿಕೊಳ್ಳುತ್ತಿದ್ದೇನೆ.

ಮಾರ್ಚ್ 17

ಹದಿಮೂರು ಆಯಿತು. ಬಾಯಿ ಹುಣ್ಣಾಗಿದೆ. ಚಹಾ ಕೂಡ ಉರಿ.

ಅನಾಬಿಬಿ ಫೋನ್ ಮಾಡಿದಳು.

“ಸಪರನ ಅಪ್ಪಾ, ನಿಮ್ಮ ಕಂಬ ಕೂಗ್ತು.”

“ಏನೇ ಹಾಗಂದ್ರೆ?”

“ಮಧ್ಯಾಹ್ನದ ಬಿಸಿಲಲ್ಲಿ ಢಮ್ ಅಂತು. ಬುಡದಿಂದ ಎದೆಮಟ್ಟಕ್ಕೆ ಸೀಳ್ಕೊಂಡಿದೆ. ಚಹಾ ಕುಡೀತಿದ್ದೋರು ಬಟ್ಲು ಬಿಟ್ಟು ಓಡಿದ್ರಂತೆ.”

“ಹೆಸರು?”

“ಹೆಸರಿನ ನಡುಮಧ್ಯಾನೇ.” ಅವಳೇ ಮುಂದುವರಿಸಿ, “ಬೆಕ್ಚಾನ್ ಓಡಿಬಂದು ಕಬ್ಬಿಣದ ಪಟ್ಟಿ ಬಿಗಿದ. ಬೀಳಲ್ಲ. ಅಡಿಗಲ್ಲು ಕುಸಿದು ಹೀಗಾಯ್ತು ಅಂತ ಎಲ್ರಿಗೂ ಹೇಳ್ದ” ಎಂದಳು.

“ಅವನ್ಯಾಕೆ ಬಂದ ಅಲ್ಲಿಗೆ?”

“ಅವನು ನಮ್ಮನೆಗೂ ಬರ್ತಾನೆ. ಪ್ರತಿ ಶುಕ್ರವಾರ. ದಿಮ್ಮಿ ಹೊರಳಿಸದಿದ್ರೆ ಒಂದೇ ಕಡೆ ಒಣಗಿ ಸೊಟ್ಟಗಾಗುತ್ತೆ ಅಂತ ನೀವೇ ಹೇಳ್ತಿದ್ರಲ್ಲ. ನೀವು ಹೋದಾಗ್ಲಿಂದ ಅವನೇ ಹೊರಳಿಸ್ತಿದಾನೆ.”

“ಕೀಲಿಕೈ ಕೊಟ್ಟೋರ್ಯಾರು?”

“ನಾನು. ಏನಿವಾಗ?”

ಫೋನಿಟ್ಟೆ. ಅಡಿಗಲ್ಲಂತೆ! ಆ ಕಲ್ಲನ್ನು ಕೂಡಿಸಿದವನು ನಾನು. ಅದು ಇನ್ನೂರು ವರ್ಷ ಕುಸಿಯುವುದಿಲ್ಲ.

ಏಪ್ರಿಲ್ 9

ಮೂವತ್ತು. ಮುಖದ ಜಾಳಿಗೆಯನ್ನು ಕೊಡುತ್ತೇವೆ, ಮನೆಗೆ ಒಯ್ಯಿರಿ ಎಂದರು. ನನ್ನ ಮುಖ ನನ್ನ ಹತ್ತಿರವೇ ಇದೆ ಎಂದೆ. ಸೊಸೆ ತೆಗೆದುಕೊಂಡಳು, ಟೊಮೇಟೊ ಸಸಿಗೆ ಮುಚ್ಚಲು ಆಗುತ್ತದಂತೆ.

ಏಪ್ರಿಲ್ 22, ಖೀವಾ

ಚಾಯ್‌ಖಾನೆಗೆ ಹೋದೆ. ಬೇಕೆಂದೇ ಎಲ್ಲರೂ ಇರುವ ಹೊತ್ತಿಗೆ ಹೋದೆ. ಕಂಬದ ಮುಂದೆ ಕುಕ್ಕುರುಗಾಲಲ್ಲಿ ಕೂತು ಸೀಳಿನೊಳಗೆ ಬೆರಳಿಟ್ಟೆ, ಎರಡನೇ ಗಿಣ್ಣಿನವರೆಗೆ ಹೋಯಿತು. ಪಟ್ಟಿಗಳನ್ನು ಚೆನ್ನಾಗಿ ಬಿಗಿದಿದ್ದಾನೆ, ಕೆತ್ತನೆಗೆ ತಾಗದಂತೆ ಕೆಳಗೆ ತೊಗಲು ಕೊಟ್ಟಿದ್ದಾನೆ.

ಬೀದಿಯ ಹಿರಿಯ ಖುದಾಯ್ಬೆರ್ಗನ್ ಬಂದು ನನಗೆ ಚಹಾ ಬಗ್ಗಿಸಿದ. “ದೇವರು ದೊಡ್ಡೋನು ಉಸ್ತಾ, ನೀವು ಎದ್ದು ಬಂದ್ರಲ್ಲ. ಕಂಬದ್ದು ಮನಸ್ಸಿಗೆ ಹಚ್ಕೋಬೇಡಿ. ಕಲ್ಲು ಕುಸೀತಂತೆ, ಬೆಕ್ಚಾನ್ ಹೇಳ್ದ.”

ಬೆಕ್ಚಾನ್ ಆ ಕೊನೆಯ ಚಾಪೆಯ ಮೇಲೆ ಕೂತು ಚಹಾ ಪಾತ್ರೆಯ ಮುಚ್ಚಳ ನೋಡುತ್ತಿದ್ದ. ತಲೆ ಅರ್ಧ ನರೆತಿದೆ. ಯಾವಾಗ ನರೆಯಿತೋ.

“ಸುಳ್ಳು ಹೇಳ್ತಾನೆ ಇವನು” ಎಂದೆ. “ಇಪ್ಪತ್ತೆರಡು ವರ್ಷ ನನ್ನ ಹತ್ರ ಇದ್ದು ಕಲ್ಲು ಯಾವ್ದು ಮರ ಯಾವ್ದು ಗೊತ್ತಾಗಲ್ವಾ? ಕಲ್ಲು ಸರಿಯಾಗಿದೆ. ಮರ ಹಸಿ ಇತ್ತು. ಹಸಿ ಅಂತ ಇವನು ಆವತ್ತೇ ಮೂಸಿ ಹೇಳ್ದ. ನನ್ನ ಮೂಗಲ್ಲಿ ಆಗ್ಲೇ ರೋಗ ಕೂತಿತ್ತು, ನಂಗೆ ಸಗಣಿ ಹಿಡಿದ್ರೂ ಗೊತ್ತಾಗ್ತಿರ್ಲಿಲ್ಲ. ನಂಗೊತ್ತಿಲ್ದೆ ಇವನ ಚೀಲ ಬೀದಿಗೆ ಎಸೆದೆ. ಕಂಬ ನಾನೇ ಬದಲಾಯಿಸಿಕೊಡ್ತೀನಿ. ಅಲ್ಲೀವರೆಗೂ ಕಲ್ಲಿನ ಮೇಲೆ ಯಾರೂ ತಪ್ಪು ಹಾಕ್ಬೇಡಿ.”

  ನಾನು ಕ್ಷಮೆಗಿಮೆ ಏನೂ ಕೇಳಲಿಲ್ಲ, ಮರದ ವಿಷಯ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಅಷ್ಟೆ. ಹೊರಡುವಾಗ ಬೆಕ್ಚಾನ್ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಒಲೆಯ ಹೊಗೆ ಇರಬೇಕು. ನನಗಂತೂ ಹೊಗೆ ಗೊತ್ತಾಗುವುದಿಲ್ಲ.

“ನಾಳೆ ಬೆಳಿಗ್ಗೆ ಬಾ” ಎಂದೆ.

“ಶುಕ್ರವಾರ ಅಲ್ವಲ್ಲ ಉಸ್ತಾ ನಾಳೆ.”

“ಬಾ ಅಂದ್ರೆ ಬಾ.”

ಮೇ 11

ಲೋಬಾರ್ ಮೂಗಿನೊಳಗೆ ದೀಪ ಬಿಟ್ಟು ನೋಡಿದಳು. ಚೆನ್ನಾಗಿ ಮಾಗಿದೆಯಂತೆ. ಮೊದಲ ಎರಡು ವರ್ಷ ಮುಖ್ಯ, ಮೂರು ತಿಂಗಳಿಗೊಮ್ಮೆ ಬರಬೇಕು, ಆ ಎರಡು ವರ್ಷ ಶುದ್ಧವಾಗಿ ಕಳೆದರೆ ಮುಂದಿನದು ಹಗುರ ಎಂದಳು. ದಿನಕ್ಕೆ ಎರಡು ಸಲ ಉಪ್ಪುನೀರಲ್ಲಿ ಮೂಗು ತೊಳೆಯಬೇಕು. ಕೆಲಸ ಮಾಡಬಹುದು, ಮೂಗಿಗೆ ಮುಸುಕು ಹಾಕಿಕೊಂಡು, ಒದ್ದೆ ಬಟ್ಟೆ ಹಾಸಿಕೊಂಡು. ಊದಬಾರದು.

ಈ ಸಲ ಎಲ್ಲವನ್ನೂ ನನಗೇ ನೇರವಾಗಿ ಹೇಳಿದಳು. ಸೊಸೆಯನ್ನು ಹೊರಗೆ ಕೂಡಿಸಿದ್ದಳು. ನಾನೇ ಒಳಗೆ ಕರೆಸಿದೆ. ನಾನು ಕೇಳಲು ಮರೆಯುವುದನ್ನು ಅವಳು ಕೇಳುತ್ತಾಳೆ.

ಮೇ 30

ಅಂಗಳದಲ್ಲಿ ಬಾಗಿಲ ಹಲಗೆ ಕೆತ್ತುತ್ತಿದ್ದೆ. ಮುಸುಕು ಗದ್ದಕ್ಕೆ ಜಾರಿತ್ತು. ಐವತ್ತು ವರ್ಷದ ಅಭ್ಯಾಸ, ಬಗ್ಗಿ ಬಾಯಿ ದುಂಡಗೆ ಮಾಡಿದ್ದೇ ತಡ.

“ಆತಾ! ಊದ್ಬೇಡಿ!”

ತಂದೂರಿನ ಹತ್ತಿರದಿಂದ ಕೂಗಿದ್ದು. ಕೈಯಲ್ಲಿ ಹಿಟ್ಟು, ಹಾಗೇ ಓಡಿಬಂದು ಮೇಕೆಕೂದಲ ಕುಂಚ ನನ್ನ ಕೈಗೆ ಕೊಟ್ಟಳು. ಬೆಕ್ಚಾನ್ ತಲೆ ಬಗ್ಗಿಸಿ ನಗುತ್ತಿದ್ದ. ಅವನೂ ಊದುತ್ತಿದ್ದ. ಅವನಿಗೂ ಒಂದು ಕುಂಚ ತರಲು ಹೇಳಿದೆ. “ನೀನೂ ಲೋಬಾರ್ ಹತ್ರ ಮೂಗು ತೋರ್ಸ್ಕೊಂಡು ಬಾ. ನಾಳೆನೇ. ನಿನ್ನ ಮೂಗೂ ಹೋದ್ರೆ ನಾನು ಯಾರ ಮೂಗಲ್ಲಿ ಮೂಸ್ಲಿ?”

ಇವತ್ತು ಸಬ್ಬಸಿಗೆ ಶಾವಿಗೆ. ಬಾಯಿಗೆ ಏನೂ ಗೊತ್ತಾಗುವುದಿಲ್ಲ, ಕಣ್ಣಿಗೆ ಹಸಿರು. ಚೆನ್ನಾಗಿದೆ ಎಂದೆ. ಅನಾಬಿಬಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

ಜೂನ್ 8

ಹೊಸ ಕಂಬಕ್ಕೆ ದಿಮ್ಮಿ ಆರಿಸಿದೆವು. ನೆರಳಿನಲ್ಲಿರುವವುಗಳಲ್ಲಿ ಉದ್ದಕ್ಕೂ ದಪ್ಪಕ್ಕೂ ಸರಿಯಾದದ್ದು ಒಂದೇ. ಖುದಾಯ್ಬೆರ್ಗನ್ ಬಂದು ಕೂತಿದ್ದ, ಬೇಸಿಗೆಯೊಳಗೆ ಆಗಬಹುದಾ ಎಂದು ಕೇಳಲು.

ಬೈರಿಗೆ ನಾನೇ ತಿರುಗಿಸಿದೆ. ತೋಳಿಗೆ ಶಕ್ತಿ ಬಂದಿದೆ. ಆಳದಿಂದ ಬಂದ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಬೆಕ್ಚಾನನ ಮೂಗಿಗೆ ಹಿಡಿದೆ. ಅವನು ಮೂಸಿ ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ.

“ಏನು, ನಿಂಗೂ ಒಂದು ತಲೆವಸ್ತ್ರ ತಂದುಕೊಡ್ಬೇಕಾ?” ಎಂದೆ.

“ಇನ್ನೂ ಇದೆ ಉಸ್ತಾ. ಹುಳಿ.”

ಸೊಸೆಯನ್ನು ಕರೆದೆ. ಅವಳು ಈಗ ಐದು ತಿಂಗಳ ಬಸುರಿ, ಒಗ್ಗರಣೆ ಹಾಕಿದರೆ ಮೂರು ಮನೆಯಾಚೆಯದೂ ಗೊತ್ತಾಗುತ್ತದೆ. ಮೂಸಿದ್ದೇ ಮುಖ ಕಿವುಚಿ ಹಿಂದೆ ಸರಿದಳು. “ಇದಾಗಲ್ಲ ಆತಾ. ಇನ್ನೆರಡು ಚಳಿಗಾಲ.”

ಖುದಾಯ್ಬೆರ್ಗನ್ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದ, “ಎರಡು ವರ್ಷ ಅಂದ್ರೆ… ನಿಮ್ಮ ಆರೋಗ್ಯ ಹೀಗಿರುವಾಗ, ಉಸ್ತಾ… ಈಗ್ಲೇ ಕೆತ್ತಿದ್ರೆ ವಾಸಿಯಲ್ವಾ?”

“ಹಸಿ ಮರ ಕೆತ್ತಲ್ಲ” ಎಂದೆ. “ನಂಗೇನಾಗಿದೆ?”

ಬೈರಿಗೆಯ ತೂತಿಗೆ ಮೇಣ ತುಂಬಿದೆ. ಬೆಕ್ಚಾನ್ ಒಂದು ತುದಿ, ನಾನೊಂದು ತುದಿ ಹಿಡಿದು ದಿಮ್ಮಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದೆವು. ಸೊಸೆ ಸೀಮೆಸುಣ್ಣ ತಂದುಕೊಟ್ಟಳು. ದಿಮ್ಮಿಯ ಬುಡದಲ್ಲಿ ಎರಡು ವರ್ಷ ಮುಂದಿನ ಜೂನ್ 8 ಎಂದು ಬರೆದು, ಕೆಳಗೆ ಮೂವರ ಹೆಸರೂ ಬರೆದೆ. ಮೂರು ಹೆಸರಿಗೆ ಆಗುವಷ್ಟು ಜಾಗ ಕಂಬದ ಬುಡದಲ್ಲಿ ಮೊದಲೂ ಇತ್ತು.